ಲ್ಯಾಬ್ ವರದಿ ಬರುವ ಮುಂಚೆ: ಸಾಂಕ್ರಾಮಿಕದ ಹೊತ್ತಿನಲ್ಲಿ ಅರೆಬರೆ ಮಾಹಿತಿ ಇಟ್ಟುಕೊಂಡು ನಿರ್ಧರಿಸುವ ಕ್ರಮ

ಜನವರಿ ತಿಂಗಳು, ಬೆಳಿಗ್ಗೆ ಏಳೂವರೆ. ಆಶಾ ಕಾರ್ಯಕರ್ತೆಯ ಫೋನ್ ಬರುತ್ತದೆ: "ಸರ್, ನಮ್ಮೂರ ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ. ನಿನ್ನೆ ಒಂದು, ಇವತ್ತು ಎರಡು. ಮೇಲಿನಕೇರಿಯಲ್ಲಿ ನಾಲ್ಕು ಜನಕ್ಕೆ ಜ್ವರ." ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಗಿ ವರದಿ ಬರುವುದು ನಾಳೆಯೋ ನಾಡಿದ್ದೋ. ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯಲ್ಲಿ ಸಭೆ. ತಹಶೀಲ್ದಾರರು, ಅರಣ್ಯ ಇಲಾಖೆಯವರು, ಪಿಡಿಒ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ: ಏನು ಮಾಡೋಣ?

ಮಲೆನಾಡಿನಲ್ಲಿ ಇಂಥ ಸಭೆಗಳಲ್ಲಿ ವರ್ಷಗಟ್ಟಲೆ ಕೂತವನು ನಾನು. "ವರದಿ ಬರಲಿ, ನೋಡೋಣ" ಎಂದು ಎದ್ದು ಹೋದ ಸಭೆಗಳೂ ಇವೆ, ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮುಚ್ಚಿಸಿದ ಸಭೆಗಳೂ ಇವೆ. ಎರಡರಲ್ಲೂ ಬೆಲೆ ತೆತ್ತವರು ಊರಿನವರು. ಕಾಯುವುದೂ ಒಂದು ನಿರ್ಧಾರವೇ, ಅದಕ್ಕೂ ಹೊಣೆಯಿದೆ. ಹಾಗಾದರೆ ಅರ್ಧ ಗೊತ್ತಿದ್ದು ಅರ್ಧ ಗೊತ್ತಿಲ್ಲದ ಹೊತ್ತಿನಲ್ಲಿ ಎಷ್ಟು ಮಾಡಬೇಕು, ಎಷ್ಟು ಬಿಡಬೇಕು? ನಾನು ಕಂಡುಕೊಂಡ ಕ್ರಮವನ್ನು, ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಕಾಲರಾ, ಡೆಂಗಿ, ನಿಫಾ ಯಾವುದೇ ಇರಲಿ, ಇದೇ ಕ್ರಮ ನಡೆಯುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿ, ಪಂಚಾಯಿತಿ ಟಾಸ್ಕ್‌ಫೋರ್ಸ್‌ನಲ್ಲಿರುವವರು, ಸಣ್ಣ ಆಸ್ಪತ್ರೆ ನಡೆಸುವವರು ನನ್ನ ಕಣ್ಣ ಮುಂದಿದ್ದಾರೆ.

ಮೊದಲ ಹೆಜ್ಜೆ: ಒಂದು ಹಾಳೆ, ಮೂರು ಅಂಕಣ

ಸಭೆಗೆ ಹೋಗುವ ಮುಂಚೆ ಒಂದು ಹಾಳೆಗೆ ಎರಡು ಗೆರೆ ಎಳೆಯಿರಿ. ಮೊದಲ ಅಂಕಣಕ್ಕೆ ಕಣ್ಣಾರೆ ಕಂಡದ್ದು, ದಾಖಲಾದದ್ದು. ಎರಡನೆಯದಕ್ಕೆ ಊಹೆ. ಮೂರನೆಯದಕ್ಕೆ ಗೊತ್ತಿಲ್ಲದ್ದು, ಮತ್ತು ಅದು ಯಾವಾಗ, ಯಾರಿಂದ ಗೊತ್ತಾಗುತ್ತದೆ ಎಂಬುದು.

ಮೇಲಿನ ಊರಿನ ಹಾಳೆ ಹೀಗಿರುತ್ತದೆ. ಗೊತ್ತಿರುವುದು: ಮೂರು ಮಂಗಗಳ ಸಾವು, ಜಾಗ ಯಾವುದು, ಸತ್ತದ್ದು ಮುಸಿಯವೋ ಕೆಂಪು ಮೂತಿಯ ಮಂಗವೋ, ನಾಲ್ಕು ಜ್ವರ, ಯಾರಿಗೆ ಯಾವ ದಿನ ಶುರುವಾಯಿತು, ಅವರಲ್ಲಿ ಮೂವರು ಕಳೆದ ವಾರ ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗಿದ್ದರು. ಊಹೆ: ಇದು ಮಂಗನ ಕಾಯಿಲೆ (ಕೆಎಫ್‌ಡಿ). ಗೊತ್ತಿಲ್ಲದ್ದು: ರಕ್ತದ ವರದಿ (ನಾಡಿದ್ದು, ಲ್ಯಾಬ್‌ನಿಂದ), ಮಂಗದ ಮರಣೋತ್ತರ ಪರೀಕ್ಷೆ (ಪಶುವೈದ್ಯರಿಂದ), ಪಕ್ಕದ ಊರುಗಳಲ್ಲಿ ಜ್ವರ ಇದೆಯೇ (ಇವತ್ತು ಸಂಜೆ, ಆಶಾಗಳಿಂದ).

ಮೂರನೇ ಅಂಕಣದ ಕೊನೆಯ ಸಾಲನ್ನು ಗಮನಿಸಿ. ಎರಡು ದಿನ ಕಾಯಬೇಕಾದ ಉತ್ತರದ ಜೊತೆಗೆ ಸಂಜೆಯೊಳಗೆ ಸಿಗುವ ಉತ್ತರವೊಂದು ಇತ್ತು. ಬರೆಯದೇ ಹೋಗಿದ್ದರೆ ಅದು ಯಾರಿಗೂ ಹೊಳೆಯುತ್ತಿರಲಿಲ್ಲ. ಊಹೆಗೆ ಒಂದು ಅಂದಾಜೂ ಇರಲಿ. "ಇರಬಹುದು" ಎಂಬ ಮಾತನ್ನು ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. "ಹತ್ತರಲ್ಲಿ ಏಳು ಪಾಲು ಇದೇ" ಎಂದರೆ ಎಲ್ಲರಿಗೂ ಒಂದೇ. ನಿಮ್ಮ ಏಳು ಇನ್ನೊಬ್ಬರಿಗೆ ಮೂರಾಗಿದ್ದರೆ, ಆ ಭೇದ ಎಲ್ಲಿಂದ ಬಂತು ಎಂದು ಕೇಳಬಹುದು. ಬಹಳ ಸಲ ಒಬ್ಬರಿಗೆ ಗೊತ್ತಿದ್ದ ಸಂಗತಿ ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ಎರಡನೆಯದು: ಗಂಟು ಬಿಚ್ಚಿ

ಗಾಬರಿಯಲ್ಲಿ ನಾವು ಹತ್ತು ನಿರ್ಧಾರಗಳನ್ನು ಒಂದೇ ಗಂಟು ಕಟ್ಟಿಬಿಡುತ್ತೇವೆ. ಇದರಿಂದ ಎಂಥ ಕಷ್ಟ ಬರುತ್ತದೆ ಎಂಬುದಕ್ಕೆ 1976ರ ಅಮೆರಿಕದ ಪ್ರಸಂಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆ ವರ್ಷದ ಆರಂಭದಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಎಂಬ ಸೇನಾ ಶಿಬಿರದಲ್ಲಿ ಹೊಸ ಬಗೆಯ ಹಂದಿಜ್ವರ ಕಾಣಿಸಿತು. ಒಬ್ಬ ಯುವ ಸೈನಿಕ ತೀರಿಕೊಂಡ. ವೈರಾಣು 1918ರ ಮಹಾಮಾರಿಯದ್ದನ್ನು ಹೋಲುತ್ತದೆ ಎಂಬ ಆತಂಕ ಹಬ್ಬಿತು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ದೇಶದ ಎಲ್ಲರಿಗೂ ಲಸಿಕೆ ಹಾಕಿಸುವುದಾಗಿ ಘೋಷಿಸಿದರು. ತಜ್ಞರ ಭಯಕ್ಕೆ ಕಾರಣವಿತ್ತು, ಲಸಿಕೆ ತಯಾರಾಗಲು ತಿಂಗಳುಗಳು ಬೇಕು ಎಂಬುದೂ ನಿಜ. ಆದರೆ ಅಲ್ಲಿ ಎರಡು ನಿರ್ಧಾರಗಳಿದ್ದವು: ಲಸಿಕೆ ತಯಾರಿಸುವುದು ಒಂದು, ಜನರ ತೋಳಿಗೆ ಚುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ಮಾರ್ಚ್‌ನಲ್ಲೇ ಹೊರಡಬೇಕಿತ್ತು. ಎರಡನೆಯದನ್ನು ಶರತ್ಕಾಲದವರೆಗೆ ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು. ಲಸಿಕೆಯನ್ನು ದಾಸ್ತಾನು ಮಾಡಿಟ್ಟು ರೋಗ ಹರಡುತ್ತದೆಯೇ ನೋಡೋಣ ಎಂಬ ಮಾತು ಆಗಲೇ ಎದ್ದಿತ್ತು. ಪೋಲಿಯೊ ಲಸಿಕೆಯ ಆಲ್ಬರ್ಟ್ ಸೇಬಿನ್ ಕೂಡ ಕೊನೆಗೆ ಅದನ್ನೇ ಹೇಳಿದರು. ಎರಡನ್ನೂ ಒಂದೇ ಘೋಷಣೆಯಲ್ಲಿ ಕಟ್ಟಿಬಿಟ್ಟಿದ್ದರಿಂದ ಬಿಡಿಸಲು ಆಗಲಿಲ್ಲ. ಅಕ್ಟೋಬರ್ 1ಕ್ಕೆ ಲಸಿಕೆ ಶುರುವಾಯಿತು. ನಾಲ್ಕು ಕೋಟಿಗೂ ಹೆಚ್ಚು ಜನ ಹಾಕಿಸಿಕೊಂಡರು. ಆ ಹಂದಿಜ್ವರ ಶಿಬಿರದಿಂದಾಚೆಗೆ ಹಬ್ಬಲೇ ಇಲ್ಲ. ಇತ್ತ ಲಸಿಕೆ ಪಡೆದವರಲ್ಲಿ ಸರಿಸುಮಾರು ಲಕ್ಷಕ್ಕೆ ಒಬ್ಬರಂತೆ ಗಿಲನ್-ಬಾರೆ ಎಂಬ ನರಗಳ ಕಾಯಿಲೆ ಹೆಚ್ಚುವರಿಯಾಗಿ ಕಂಡುಬಂತು. ಡಿಸೆಂಬರ್ 16ಕ್ಕೆ ಕಾರ್ಯಕ್ರಮ ನಿಂತಿತು. ಜನರ ನಂಬಿಕೆಗೆ ಬಿದ್ದ ಪೆಟ್ಟು ಬಹಳ ಕಾಲ ಉಳಿಯಿತು.

ನಮ್ಮ ಊರಿಗೆ ಇದನ್ನು ಹೊಂದಿಸಿ. "ಕೆಎಫ್‌ಡಿ ಕ್ರಮ ಕೈಗೊಳ್ಳುವುದು" ಎಂದು ನಡಾವಳಿಯಲ್ಲಿ ಒಂದೇ ಸಾಲು ಬರೆಯಬೇಡಿ. ಬಿಡಿಬಿಡಿಯಾಗಿ ಬರೆಯಿರಿ: ಸತ್ತ ಮಂಗದ ಸುತ್ತ ಕೀಟನಾಶಕ ಪುಡಿ ಹಾಕುವುದು, ಉಣುಗು ಕಚ್ಚದಂತೆ ಹಚ್ಚುವ ಡೇಪಾ ತೈಲ ಹಂಚುವುದು, ಮನೆಮನೆ ಜ್ವರ ಸಮೀಕ್ಷೆ, ಜ್ವರದವರನ್ನು ಕರೆದೊಯ್ಯಲು ಗಾಡಿ ಮತ್ತು ಆಸ್ಪತ್ರೆಯಲ್ಲಿ ಹಾಸಿಗೆ, ಬೆಟ್ಟಕ್ಕೆ ಹೋಗದಂತೆ ಕೋರುವುದು, ಹೋಗುವುದನ್ನು ನಿಷೇಧಿಸುವುದು. ಆರು ಸಾಲು, ಆರು ಪ್ರತ್ಯೇಕ ನಿರ್ಧಾರ. ಮೊದಲ ನಾಲ್ಕಕ್ಕೆ ಲ್ಯಾಬ್ ವರದಿ ಬೇಕಾಗಿಯೇ ಇಲ್ಲ. ಮಂಗ ಸತ್ತಾಗ ಮೈಮೇಲಿನ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ, ಆ ಜಾಗವೇ ಅಪಾಯದ ಗೂಡು. ಪುಡಿ ಹಾಕುವುದನ್ನು ಎರಡು ದಿನ ತಡಮಾಡಿದರೆ ಆ ಎರಡು ದಿನ ಅಲ್ಲಿ ಓಡಾಡಿದವರೆಲ್ಲ ಅಪಾಯಕ್ಕೆ ಒಡ್ಡಿಕೊಂಡ ಹಾಗೆ.

ಮೂರನೆಯದು: ಎರಡೂ ಕಡೆಯ ತಪ್ಪನ್ನು ತೂಗಿ

ಪ್ರತಿ ಸಾಲಿಗೂ ಎರಡು ಪ್ರಶ್ನೆ. ಮಾಡಿ, ಆಮೇಲೆ ರೋಗವೇ ಇರಲಿಲ್ಲ ಎಂದಾದರೆ ಏನು ನಷ್ಟ? ಮಾಡದೆ, ಆಮೇಲೆ ಇತ್ತು ಎಂದಾದರೆ ಏನು ನಷ್ಟ? ಇವೆರಡರ ಜೊತೆಗೆ ಮೂರನೆಯದೊಂದು: ಹಿಂದಕ್ಕೆ ಪಡೆಯಬಹುದೇ?

ಡೇಪಾ ತೈಲ ಹಂಚಿ, ಕಾಯಿಲೆ ಇಲ್ಲ ಎಂದಾದರೆ ಒಂದಿಷ್ಟು ಬಾಟಲಿ ಖರ್ಚು. ಹಂಚದೆ, ಕಾಯಿಲೆ ಇದ್ದರೆ ಪ್ರಾಣ. ಇಲ್ಲಿ ಹತ್ತರಲ್ಲಿ ಒಂದು ಪಾಲು ಸಂಶಯವಿದ್ದರೂ ಹಂಚಬೇಕು, ಚರ್ಚೆಗೆ ಅರ್ಧ ಗಂಟೆ ಕೊಡುವುದೂ ದಂಡ. ಬೆಟ್ಟಕ್ಕೆ ಹೋಗುವುದನ್ನು ನಿಷೇಧಿಸುವುದು ಹಾಗಲ್ಲ. ದರಕು ಇಲ್ಲದೆ ಕೊಟ್ಟಿಗೆ ನಡೆಯದು, ಗೊಬ್ಬರವಿಲ್ಲದೆ ಅಡಿಕೆ ತೋಟ ನಡೆಯದು. ತೋಟದ ಯಜಮಾನರಿಗೆ ಒಂದು ತಿಂಗಳು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಕಟ್ಟಿಗೆ, ದರಕು ಹೊತ್ತು ದಿನಗೂಲಿ ಪಡೆಯುವ ಹೆಂಗಸಿಗೆ ಒಂದು ವಾರವೂ ಇರುವುದಿಲ್ಲ. ಆಕೆಯ ಕೂಲಿಗೆ ಬದಲಿ ವ್ಯವಸ್ಥೆ ಮಾಡದೆ ಹೊರಡಿಸಿದ ಆದೇಶದಿಂದ ಆಕೆ ಬೆಟ್ಟಕ್ಕೆ ಹೋಗುವುದು ನಿಲ್ಲುವುದಿಲ್ಲ. ಕದ್ದು ಹೋಗುತ್ತಾಳೆ, ಜ್ವರ ಬಂದರೆ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಜ್ವರವೇ ನಮಗೆ ಅತಿ ದೊಡ್ಡ ನಷ್ಟ. ಆದ್ದರಿಂದ ನಿಷೇಧದ ಸಾಲಿನ ಪಕ್ಕದಲ್ಲೇ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಊರೊಳಗೆ ಕೆಲಸ ಕೊಡಬಹುದೇ, ಪಡಿತರ ಮುಂಗಡ ಕೊಡಬಹುದೇ ಎಂದು ಬರೆದಿರಬೇಕು. ಬರೆಯಲಾಗದಿದ್ದರೆ ನಿಷೇಧದ ಬದಲು ಕೋರಿಕೆಯಲ್ಲೇ ನಿಲ್ಲಿ: ಮಂಗ ಸತ್ತ ಆ ಒಂದು ಬೆಟ್ಟಕ್ಕೆ ಮಾತ್ರ ಹೋಗಬೇಡಿ, ಬೇರೆಡೆ ಹೋಗುವಾಗ ಎಣ್ಣೆ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ನೆನೆಹಾಕಿ.

2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಅವಧಿ ಕೊಟ್ಟು ಇಡೀ ದೇಶ ಮುಚ್ಚಿದಾಗ ವಲಸೆ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದು ಊರು ಸೇರಬೇಕಾಯಿತು. ಮುಚ್ಚುವುದು ಸರಿಯೋ ತಪ್ಪೋ ಎಂಬ ವಾದ ಇವತ್ತಿಗೂ ಇದೆ. ಆದರೆ ಆ ನಿರ್ಧಾರದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಲೆಕ್ಕಕ್ಕೆ ಆ ಅವಧಿಯಲ್ಲಿ ಜಾಗವಿರಲಿಲ್ಲ ಎಂಬುದನ್ನು ರಸ್ತೆಯಲ್ಲಿ ನಡೆದವರೇ ತೋರಿಸಿದರು.

ನಾಲ್ಕನೆಯದು: ಸಭೆಗೆ ಯಾರು ಬರಬೇಕು

ಆಶಾ, ಅರಣ್ಯ ರಕ್ಷಕ, ಪಶುವೈದ್ಯರು ಇರಲೇಬೇಕು. ಬೆಟ್ಟಕ್ಕೆ ಹೋಗುವ ಒಬ್ಬರಾದರೂ ಇರಬೇಕು. ಒಂದು ಸಭೆಯಲ್ಲಿ ನಾವೆಲ್ಲ ಎಣ್ಣೆಯ ಬಾಟಲಿ ಎಷ್ಟು ಮನೆಗೆ ತಲುಪಿತು ಎಂದು ಲೆಕ್ಕ ಹಾಕುತ್ತಿದ್ದೆವು. ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಂಗಸು ಹೇಳಿದಳು: "ಹೊರೆ ಹೊತ್ತಾಗ ಬೆವರು ಬರ್ತದೆ ಸ್ವಾಮಿ, ಎಣ್ಣೆ ಕಣ್ಣಿಗೆ ಇಳೀತದೆ. ಹಂಗಾಗಿ ಯಾರೂ ಹಚ್ಕಳಲ್ಲ." ಆಮೇಲೆ ಕತ್ತಿನಿಂದ ಕೆಳಗೆ ಮಾತ್ರ, ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ತೋರಿಸಿಕೊಡಲು ಆಶಾಗಳನ್ನು ಕಳುಹಿಸಿದೆವು. ನಮ್ಮ ಪಟ್ಟಿಯಲ್ಲಿ ಅಲ್ಲಿಯವರೆಗೆ "ಶೇ. 100 ವಿತರಣೆ" ಎಂದೇ ಇತ್ತು.

ಇನ್ನೊಂದು ಏರ್ಪಾಡು: ಪ್ರತಿ ಸಭೆಯಲ್ಲಿ ಒಬ್ಬರಿಗೆ ಎದುರು ವಾದ ಮಾಡುವ ಕೆಲಸ ವಹಿಸಿ. ಸರದಿಯ ಮೇಲೆ ಬದಲಾಗಲಿ. ಡಿಸಿ ಮಾತಾಡಿದ ಮೇಲೆ ಯಾರೂ ಬಾಯಿಬಿಡುವುದಿಲ್ಲ, ಆದ್ದರಿಂದ ಹಿರಿಯ ಅಧಿಕಾರಿ ಕೊನೆಯಲ್ಲಿ ಮಾತಾಡಬೇಕು.

ಐದನೆಯದು: ಈ ಅಂಕಿ ಯಾವ ದಿನದ್ದು?

ಇಲ್ಲಿ ಎಡವುವವರೇ ಹೆಚ್ಚು, ಸ್ವಲ್ಪ ನಿಧಾನವಾಗಿ ನೋಡೋಣ.

ಉಣುಗು ಕಚ್ಚಿ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನ. ಜ್ವರ ಬಂದವರು ಮಾತ್ರೆ ನುಂಗಿ ಎರಡು ಮೂರು ದಿನ ಮನೆಯಲ್ಲೇ ಇರುತ್ತಾರೆ. ಮಾದರಿ, ವರದಿ ಎಂದು ಇನ್ನೆರಡು ದಿನ. ಅಂದರೆ ಇವತ್ತು ನಿಮ್ಮ ಮೇಜಿನ ಮೇಲಿರುವ ಅಂಕಿ ಒಂದರಿಂದ ಎರಡು ವಾರದ ಹಿಂದೆ ಬೆಟ್ಟದಲ್ಲಿ ನಡೆದದ್ದರ ಚಿತ್ರ. ಇವತ್ತು ಪುಡಿ ಹಾಕಿ ನಾಲ್ಕು ದಿನದ ಮೇಲೂ ಹೊಸ ಪ್ರಕರಣ ಬಂದರೆ ಕ್ರಮ ಸೋತಿತೆಂದು ಕೈಬಿಡಬೇಡಿ. ಅವರಿಗೆ ಉಣುಗು ಕಚ್ಚಿದ್ದು ಪುಡಿ ಹಾಕುವ ಮುಂಚೆ. ಹಾಗೆಯೇ ಇವತ್ತು ಪ್ರಕರಣ ಸೊನ್ನೆ ಎಂದರೆ ಇವತ್ತು ಅಪಾಯ ಸೊನ್ನೆ ಎಂದಲ್ಲ. ವರದಿಯ ತಾರೀಕು ಬಿಟ್ಟು ಜ್ವರ ಶುರುವಾದ ತಾರೀಕಿನ ಪ್ರಕಾರ ಪಟ್ಟಿ ಮಾಡಿ.

ಪರೀಕ್ಷೆಯ ಫಲಿತಾಂಶವನ್ನೂ ಹಾಗೇ ಓದಬೇಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: ಸಾವಿರ ಜ್ವರದವರಲ್ಲಿ 20 ಜನಕ್ಕೆ ನಿಜವಾಗಿ ಕಾಯಿಲೆ ಇದೆ. ಪರೀಕ್ಷೆ ಕಾಯಿಲೆ ಇರುವ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 3 ಮಂದಿಗೆ ತಪ್ಪಾಗಿ ಇದೆ ಎನ್ನುತ್ತದೆ. ಆಗ 20ರಲ್ಲಿ 16 ಸಿಕ್ಕರು, 4 ತಪ್ಪಿಸಿಕೊಂಡರು. ಉಳಿದ 980ರಲ್ಲಿ ಸುಮಾರು 29 ಜನಕ್ಕೆ ಸುಳ್ಳು ಪಾಸಿಟಿವ್. ಒಟ್ಟು 45 ಪಾಸಿಟಿವ್‌ನಲ್ಲಿ ನಿಜವಾದದ್ದು 16. ಅದೇ ಪರೀಕ್ಷೆಯನ್ನು ಮಂಗ ಸತ್ತ ಬೆಟ್ಟಕ್ಕೆ ಹೋಗಿ ಬಂದ 100 ಜ್ವರದವರಿಗೆ ಮಾಡಿ, ಅವರಲ್ಲಿ 50 ಮಂದಿಗೆ ಕಾಯಿಲೆ ಇದೆ ಎಂದುಕೊಳ್ಳಿ: 40 ನಿಜ, ಒಂದೆರಡು ಸುಳ್ಳು. ಪರೀಕ್ಷೆ ಬದಲಾಗಲಿಲ್ಲ, ಮಾಡಿಸಿಕೊಂಡವರು ಬದಲಾದರು. ಆದರೆ ಈ ನೂರರಲ್ಲಿ ನೆಗೆಟಿವ್ ಬಂದ 58 ಜನರಲ್ಲಿ 10 ಮಂದಿಗೆ ಕಾಯಿಲೆ ಇದ್ದೇ ಇದೆ. ಅವರನ್ನು "ಏನಿಲ್ಲ, ಹೋಗಿ" ಎಂದು ಕಳುಹಿಸಿದರೆ ಅನರ್ಥ.

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್‌ನ ಪೇರಾಂಬ್ರದಲ್ಲಿ ನಿಫಾ ಬಂದಾಗ ಮಾದರಿ ಪರೀಕ್ಷಿಸಿ ಮೊದಲ ಸುಳಿವು ಕೊಟ್ಟದ್ದು ನಮ್ಮ ಮಣಿಪಾಲದ ವೈರಾಣು ಪ್ರಯೋಗಾಲಯ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಖಚಿತಪಡಿಸಿತು. ಮೊದಲ ರೋಗಿಯ ಮನೆಯ ಬಾವಿಯಲ್ಲಿದ್ದ ಬಾವಲಿಗಳ ಮಾದರಿ ನೆಗೆಟಿವ್ ಬಂತು. ಹಣ್ಣು ತಿನ್ನುವ ಬಾವಲಿಗಳಲ್ಲಿ ವೈರಾಣು ಸಿಕ್ಕಿದ್ದು ಆಮೇಲೆ. ಕೇರಳದವರು ಮೂಲ ಗೊತ್ತಾಗಲಿ ಎಂದು ಕಾಯಲಿಲ್ಲ. ಸೋಂಕು ಆಸ್ಪತ್ರೆಯೊಳಗೆ ಮನುಷ್ಯರಿಂದ ಮನುಷ್ಯರಿಗೆ ದಾಟುತ್ತಿದೆ ಎಂಬಷ್ಟು ಗೊತ್ತಿತ್ತು. ಅಷ್ಟರ ಮೇಲೆಯೇ ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರನ್ನು ಪಟ್ಟಿ ಮಾಡಿ ನಿಗಾ ಇಟ್ಟರು. ಅಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಜೀವ ಕಳೆದುಕೊಂಡ ನರ್ಸ್ ಲಿನಿಯವರನ್ನು ನೆನೆಯದೆ ಈ ಮಾತು ಮುಂದುವರಿಸಲು ಮನಸ್ಸು ಬಾರದು.

ಆರನೆಯದು: ಮಾಡುತ್ತಲೇ ಕಲಿಯಿರಿ

ಕೊರೋನಾ ಕಾಲದಲ್ಲಿ ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಔಷಧ ಕೊಟ್ಟು ನೋಡಿತು. 2020ರ ಮಾರ್ಚ್‌ನಲ್ಲಿ ಶುರುವಾಗಿ ಜೂನ್‌ನಲ್ಲೇ ಎರಡು ಉತ್ತರ ಕೊಟ್ಟಿತು: ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ, ಅಗ್ಗದ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿರುವವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ. ನಮ್ಮ ಐಸಿಎಂಆರ್ ಕೂಡ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸ್ಮಾ (ಗುಣವಾದವರ ರಕ್ತದ ದ್ರವಭಾಗ) ಪ್ರಯೋಗ ನಡೆಸಿ, ಪ್ರಯೋಜನ ಕಾಣಲಿಲ್ಲ ಎಂದು 2020ರಲ್ಲೇ ಹೇಳಿತ್ತು. ಆದರೂ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೋದದ್ದು 2021ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎರಡನೇ ಅಲೆಯಲ್ಲಿ ಎಷ್ಟೋ ಮನೆಯವರು ಪ್ಲಾಸ್ಮಾ ದಾನಿಗಳಿಗಾಗಿ ರಾತ್ರಿಯಿಡೀ ಫೋನ್ ಹಿಡಿದು ಅಲೆದಿದ್ದರು. ಉತ್ತರ ಪಡೆದರಷ್ಟೇ ಸಾಲದು, ಉತ್ತರ ಬಂದಾಗ ಆದೇಶ ಬದಲಿಸುವ ಕೈ ಯಾವುದು ಎಂದೂ ಮೊದಲೇ ಗೊತ್ತಿರಬೇಕು.

ತಾಲ್ಲೂಕು ಮಟ್ಟದಲ್ಲಿ ದೊಡ್ಡ ಪ್ರಯೋಗ ಆಗದು, ಆದರೆ ಇಷ್ಟು ಆಗುತ್ತದೆ: ಎಣ್ಣೆ ಎಲ್ಲ ಊರಿಗೂ ಸಾಲದಿದ್ದಾಗ ಅಪಾಯ ಒಂದೇ ಮಟ್ಟದಲ್ಲಿರುವ ಊರುಗಳ ನಡುವೆ ಚೀಟಿ ಎತ್ತಿ. ಶಿಫಾರಸಿನ ಜಗಳವೂ ತಪ್ಪುತ್ತದೆ, ಮೊದಲು ಸಿಕ್ಕ ಊರು ಮತ್ತು ತಡವಾಗಿ ಸಿಕ್ಕ ಊರುಗಳ ಜ್ವರವನ್ನು ಹೋಲಿಸಲೂ ಬರುತ್ತದೆ. ಯಾವ ಮನೆಗೆ ಯಾವ ದಿನ ಕೊಟ್ಟಿರಿ ಎಂಬುದನ್ನು ಮಾತ್ರ ತಪ್ಪದೆ ಬರೆದಿಡಿ.

ಮಂಗನ ಕಾಯಿಲೆಯ ಹಳೆಯ ಲಸಿಕೆಯ ಕಥೆಯೂ ಇದೇ. 2005ರಿಂದ 2010ರ ಅವಧಿಯ ದಾಖಲೆಗಳನ್ನು ಕೂಡಿಸಿ ನೋಡಿದಾಗ ಎರಡು ಡೋಸ್‌ನ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ಎಂದು ಕಂಡಿತು. ಚುಚ್ಚಿದ ಕಡೆ ನೋವು ಹೆಚ್ಚೆಂದು ಬೂಸ್ಟರ್‌ಗೆ ಬರುವವರೇ ಕಡಿಮೆ. ಆಮೇಲಿನ ವರ್ಷಗಳಲ್ಲಿ ಸಂಶಯ ಬಲವಾಗುತ್ತಾ ಹೋಗಿ 2022ರಲ್ಲಿ ಲಸಿಕೆಯನ್ನೇ ಕೈಬಿಡಬೇಕಾಯಿತು. ಯಾರಿಗೆ ಎಷ್ಟು ಡೋಸ್, ಜ್ವರ ಬಂತೇ ಎಂದು ಪಿಎಚ್‌ಸಿ ರಿಜಿಸ್ಟರ್‌ನಲ್ಲಿ ಬರೆದಿಟ್ಟವರಿಂದಲೇ ಈ ಲೆಕ್ಕ ಸಾಧ್ಯವಾದದ್ದು.

ಏಳನೆಯದು: ಯಾವಾಗ ಬದಲಿಸುತ್ತೇವೆ ಎಂದು ಇವತ್ತೇ ಬರೆಯಿರಿ

ಪ್ರತಿ ಆದೇಶದ ಕೆಳಗೆ ಮೂರು ಸಾಲು: ಯಾವುದು ಕಂಡರೆ ಬಿಗಿ ಮಾಡುತ್ತೇವೆ, ಯಾವುದು ಕಂಡರೆ ಸಡಿಲಿಸುತ್ತೇವೆ, ಏನೂ ಕಾಣದಿದ್ದರೂ ಯಾವ ದಿನ ಮತ್ತೆ ಕೂರುತ್ತೇವೆ. ಎಬೋಲಾದಲ್ಲಿ ಕೊನೆಯ ಪ್ರಕರಣದಿಂದ 42 ದಿನ ಎಂಬ ನಿಯಮ ಹೀಗೇ ಬಂದದ್ದು. ರೋಗ ಕಾಣಿಸಿಕೊಳ್ಳಲು ಹಿಡಿಯುವ ಗರಿಷ್ಠ 21 ದಿನದ ಎರಡರಷ್ಟು. ನಮ್ಮ ಊರಿಗೆ: "ಈ ಬೆಟ್ಟದಲ್ಲಿ ಅಥವಾ ಪಕ್ಕದ ಬೆಟ್ಟದಲ್ಲಿ ಇನ್ನೊಂದು ಮಂಗ ಸತ್ತರೆ ಅಲ್ಲಿಗೂ ವಿಸ್ತರಣೆ. ಎಲ್ಲ ವರದಿ ನೆಗೆಟಿವ್ ಬಂದು, ಮೂರು ವಾರ ಹೊಸ ಮಂಗದ ಸಾವು, ಹೊಸ ಜ್ವರ ಇಲ್ಲದಿದ್ದರೆ ಕೋರಿಕೆ ವಾಪಸ್. ಏನೇ ಆದರೂ ಮುಂದಿನ ಸೋಮವಾರ 11 ಗಂಟೆಗೆ ಪರಿಶೀಲನೆ."

ಮೊದಲೇ ಬರೆದಿಡುವುದರ ಲಾಭ ಆಮೇಲೆ ಗೊತ್ತಾಗುತ್ತದೆ. ಬದಲಾವಣೆಯ ದಿನ ಬಂದಾಗ ಯಾರ ಮರ್ಯಾದೆಯೂ ಹೋಗುವುದಿಲ್ಲ, ಬರೆದದ್ದನ್ನೇ ಪಾಲಿಸಿದ ಹಾಗಾಗುತ್ತದೆ. 2021ರಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 4ರಿಂದ 6 ವಾರ ಇದ್ದದ್ದು ಮಾರ್ಚ್‌ನಲ್ಲಿ 6ರಿಂದ 8, ಮೇ ತಿಂಗಳಲ್ಲಿ 12ರಿಂದ 16 ವಾರವಾಯಿತು. ಅಂತರ ಹೆಚ್ಚಿಸಲು ವಿಜ್ಞಾನದ ಆಧಾರವಿತ್ತು. ಆದರೆ ಲಸಿಕೆಗೆ ಪರದಾಟವಿದ್ದ ದಿನಗಳಲ್ಲೇ ಬದಲಾದ್ದರಿಂದ "ಸ್ಟಾಕ್ ಇಲ್ಲ, ಅದಕ್ಕೇ" ಎಂದು ಜನ ಮಾತಾಡಿಕೊಂಡರು. ಅಂತರ ಬದಲಾಗುವ ಸಾಧ್ಯತೆಯನ್ನು ಮೊದಲ ದಿನವೇ ಹೇಳಿಟ್ಟಿದ್ದರೆ ಆ ಮಾತಿಗೆ ಅಷ್ಟು ಬಲ ಬರುತ್ತಿರಲಿಲ್ಲ.

ಎಂಟನೆಯದು: ಊರಿಗೆ ಹೇಳುವ ಮಾತು

ಗೊತ್ತಿಲ್ಲ ಎಂದು ಹೇಳಲು ಅಧಿಕಾರಿಗಳು ಅಂಜುತ್ತಾರೆ. ನನ್ನ ಅನುಭವದಲ್ಲಿ ಜನ ಅದನ್ನು ಸಹಿಸಿಕೊಳ್ಳುತ್ತಾರೆ. ಖಚಿತವಾಗಿ ಹೇಳಿದ್ದು ಸುಳ್ಳಾದರೆ ಸಹಿಸುವುದಿಲ್ಲ. 2020ರ ಮೊದಲ ತಿಂಗಳುಗಳಲ್ಲಿ ಸಾಮಾನ್ಯ ಜನರಿಗೆ ಮಾಸ್ಕ್ ಬೇಕಿಲ್ಲ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ ಜೂನ್ 5ಕ್ಕೆ ಸಲಹೆ ಬದಲಿಸಿತು. "ಬೇಕಿಲ್ಲ" ಮತ್ತು "ಪ್ರಯೋಜನ ಎಷ್ಟೆಂದು ಇನ್ನೂ ಗೊತ್ತಿಲ್ಲ, ಇರುವ ಮಾಸ್ಕ್ ಸದ್ಯ ಆಸ್ಪತ್ರೆಯವರಿಗೆ ಬೇಕು" ಎಂಬ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ನೋಡಿ.

ಆಟೋಗೆ ಮೈಕ್ ಕಟ್ಟಿ ಓದಿಸಲು ಹೀಗೆ ಬರೆದುಕೊಡಿ:

"ನಮ್ಮ ಊರಿನ ಬೆಟ್ಟದಲ್ಲಿ ಮೂರು ಮಂಗ ಸತ್ತಿವೆ. ಮಂಗನ ಕಾಯಿಲೆಯೇ ಎಂದು ಇನ್ನೂ ಖಚಿತವಾಗಿಲ್ಲ. ವರದಿ ನಾಡಿದ್ದು ಬರುತ್ತದೆ, ಬಂದ ದಿನವೇ ಸಂಜೆ ಐದಕ್ಕೆ ಪಂಚಾಯಿತಿ ಮುಂದೆ ಹೇಳುತ್ತೇವೆ. ಅಲ್ಲಿಯವರೆಗೆ ಆ ಬೆಟ್ಟಕ್ಕೆ ಹೋಗಬೇಡಿ. ಬೇರೆಡೆ ಹೋಗುವವರು ಎಣ್ಣೆ ಹಚ್ಚಿಕೊಳ್ಳಿ, ಆಶಾ ಮನೆಗೆ ತಂದುಕೊಡುತ್ತಾರೆ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಆ ದಿನವೇ ತಿಳಿಸಿ. ಗಾಡಿ ಕಳುಹಿಸುತ್ತೇವೆ, ಖರ್ಚಿಲ್ಲ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಜ್ವರ ಬಂದವರನ್ನು ದೂರ ಇಡಬೇಡಿ."

ಸಂಜೆ ಐದಕ್ಕೆ ಎಂದಮೇಲೆ ಐದಕ್ಕೇ ಹೋಗಿ. ವರದಿ ಬಂದಿರದಿದ್ದರೂ ಹೋಗಿ "ಬಂದಿಲ್ಲ" ಎಂದು ಹೇಳಿ.

ಕೊನೆಯದು: ನಿರ್ಧಾರದ ಪುಸ್ತಕ

ನಡಾವಳಿ ಬೇರೆ, ಇದು ಬೇರೆ. ಒಂದು ಉದ್ದ ನೋಟ್‌ಬುಕ್. ತಾರೀಕು, ಗಂಟೆ, ಆಗ ಏನು ಗೊತ್ತಿತ್ತು, ಹತ್ತರಲ್ಲಿ ಎಷ್ಟು ಪಾಲು ಎಂದುಕೊಂಡೆವು, ಏನು ನಿರ್ಧರಿಸಿದೆವು, ಎದುರು ವಾದ ಏನಿತ್ತು. ನಿರ್ಧಾರ ಸರಿಯಿದ್ದೂ ಫಲ ಕೆಡಬಹುದು, ತಪ್ಪಿದ್ದೂ ಅದೃಷ್ಟ ಕೈ ಹಿಡಿಯಬಹುದು. ಬರೆದಿಡದಿದ್ದರೆ ವಿಚಾರಣೆ ಬಂದ ದಿನ ಎಲ್ಲರಿಗೂ "ಮೊದಲೇ ಗೊತ್ತಿತ್ತು" ಅನ್ನಿಸತೊಡಗುತ್ತದೆ, ತಪ್ಪೆಲ್ಲ ಕೆಳಗಿನವರ ತಲೆಗೆ ಬರುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಗುರುತಿಸಿದಾಗಲೂ ಮೊದಲ ಸುಳಿವು ಮಂಗಗಳ ಸಾವೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಜೀವ ಕಳೆದುಕೊಂಡರು. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಮರಿ ಉಣುಗುಗಳು ಏಳುತ್ತವೆ. ಹಾಗಾಗಿ ಅಕ್ಟೋಬರ್‌ನಲ್ಲೇ ಒಂದು ಮಧ್ಯಾಹ್ನ ಹಳೆಯ ಪುಸ್ತಕ ತೆರೆದು ಕೂರಿ. ಹೋದ ವರ್ಷ ಯಾವ ಬೆಟ್ಟದಲ್ಲಿ ಮಂಗ ಸತ್ತಿತ್ತು, ಫೋನ್ ಬಂದ ಎಷ್ಟು ಗಂಟೆಗೆ ಪುಡಿ ಬಿತ್ತು, ಎಣ್ಣೆ ಯಾವ ಊರಿಗೆ ತಡವಾಯಿತು ಎಂದು ಆಶಾಗಳ ಎದುರಿಗೇ ಓದಿ. ಎಣ್ಣೆ, ಪುಡಿ, ಮಾದರಿ ಟ್ಯೂಬ್, ಗಾಡಿಯ ಡೀಸೆಲ್ ಎಷ್ಟಿದೆ ಎಂದು ಎಣಿಸಿ, ಕಡಿಮೆ ಇದ್ದದ್ದಕ್ಕೆ ಆ ದಿನವೇ ಬೇಡಿಕೆ ಪತ್ರ ಕಳುಹಿಸಿ.